ಸುತ್ತು ಎಣಿಸಿದರೆ ವಯಸ್ಸು ಸಿಗುತ್ತದೆಯೇ?

ಮಕ್ಕಳೇ, ಮನೆಯಲ್ಲಿ ಉಳ್ಳಾಗಡ್ಡಿ ಹೆಚ್ಚುವಾಗ ಒಂದನ್ನು ಅಡ್ಡಲಾಗಿ ಕೊಯ್ಯಲು ಹೇಳಿ. ಉಂಗುರದೊಳಗೆ ಉಂಗುರ ಕಾಣುತ್ತದೆ. ಮರದ ಕಾಂಡದಲ್ಲೂ ಇಂಥವೇ ಸುತ್ತುಗಳಿರುತ್ತವೆ, ಒಂದು ಸುತ್ತಿಗೆ ಒಂದು ವರ್ಷ ಎಂದು ಶಾಲೆಯಲ್ಲಿ ಕಲಿತಿದ್ದೀರಿ. ಹಾಗಾದರೆ ಎಂಟು ಸುತ್ತಿನ ಉಳ್ಳಾಗಡ್ಡಿಗೆ ಎಂಟು ವರ್ಷವೇ? ಬಸವನ ಬಾಗೇವಾಡಿ ಕಡೆಯ ರೈತರು ಕೇಳಿದರೆ ನಕ್ಕಾರು. ಬೀಜ ಹಾಕಿದ ನಾಲ್ಕೈದು ತಿಂಗಳಿಗೆ ಅವರು ಗಡ್ಡೆ ಕಿತ್ತಿರುತ್ತಾರೆ.

ಉಳ್ಳಾಗಡ್ಡಿಯ ಒಂದೊಂದು ಸುತ್ತೂ ಒಂದೊಂದು ಎಲೆಯ ಬುಡ. ಹೊಸ ಎಲೆ ನಡುವಿನಲ್ಲಿ ಹುಟ್ಟುತ್ತದೆ, ಹಳೆಯದು ಹೊರಗೆ ಸರಿಯುತ್ತದೆ. ಮರದಲ್ಲಿ ಇದು ತಿರುವುಮುರುವು: ಹಳೆಯ ಸುತ್ತು ಒಳಗೆ, ಹೊಸದು ತೊಗಟೆಯ ಕೆಳಗೆ. ಅದರಲ್ಲೂ ನಮ್ಮ ಬಿಸಿಲುನಾಡಿನ ಎಲ್ಲ ಮರಗಳೂ ಸರಿಯಾಗಿ ಲೆಕ್ಕ ಇಡುವುದಿಲ್ಲ. ಬೇಸಗೆಯಲ್ಲಿ ಎಲೆ ಉದುರಿಸಿ ಸುಮ್ಮನಾಗುವ ಸಾಗವಾನಿಯಲ್ಲಿ ಸುತ್ತು ಚೆನ್ನಾಗಿ ಕಾಣುತ್ತದೆ. ಅದನ್ನೇ ಅಳೆದು ಪುಣೆಯ ವಿಜ್ಞಾನಿಗಳು ಹಳೆಯ ಕಾಲದ ಮಳೆಯ ಬಗ್ಗೆ ಅಧ್ಯಯನ ಮಾಡಿದ್ದಾರೆ.

ಲೆಕ್ಕ ತಪ್ಪಿದರೆ ಕಿಸೆಗೇ ಕತ್ತರಿ ಬೀಳುವ ಸುತ್ತು ಒಂದಿದೆ. ಅದು ಆಕಳ ಕೋಡಿನದು.

ಕೋಡು ಬೆಳೆಯುವುದು ಬುಡದಿಂದ. ಆಕಳು ಗಬ್ಬವಾದಾಗ ತಿಂದ ಮೇವಿನ ಸಾರ ಹೊಟ್ಟೆಯಲ್ಲಿನ ಕರುವಿಗೆ, ಆಮೇಲೆ ಹಾಲಿಗೆ ಹೋಗುತ್ತದೆ. ಆಗ ಕೋಡಿನ ಬೆಳವಣಿಗೆ ಕುಂಟಿ, ಅಲ್ಲೊಂದು ತಗ್ಗು ಸುತ್ತ ಬೀಳುತ್ತದೆ. ಸೂಲಿಗೊಂದು ಸುತ್ತು. ಮೊದಲ ಸುತ್ತು ಮೂರನೆಯ ವರ್ಷಕ್ಕೆ ಎಂದು ಹಿಡಿದು, ಎಣಿಕೆಗೆ ಎರಡು ಕೂಡಿಸುವುದು ರೂಢಿ. ಐದು ಸುತ್ತಿದ್ದರೆ ಏಳು ವರ್ಷ. ಆದರೆ ಒಂದು ವರ್ಷ ಗಬ್ಬ ನಿಲ್ಲದಿದ್ದರೆ ಸುತ್ತೂ ಇಲ್ಲ. ಮೇವಿಲ್ಲದ ವರ್ಷ ಕೋಡು ಸೊರಗಿ ಬೇರೆ ಗುರುತು ಬೀಳಬಹುದು. ಇಂಡಿ, ಸಿಂದಗಿ, ಮುದ್ದೇಬಿಹಾಳದಂಥ ಬರದ ಸೀಮೆಯಲ್ಲಿ ಇದನ್ನು ಮರೆಯಬಾರದು.

ಇನ್ನೊಂದು ತೊಡಕು. ಕಾರಹುಣ್ಣಿಮೆಗೆ ಎತ್ತಿನ ಕೋಡು ಹೆರೆದು ಬಣ್ಣ ಹಚ್ಚುವುದು ಅಂದಕ್ಕೆ. ಸಂತೆಯಲ್ಲಿ ಕೆಲವರು ಆಕಳ ಕೋಡು ಹೆರೆದು ಎಣ್ಣೆ ಸವರುವುದು ವಯಸ್ಸು ಮುಚ್ಚಲಿಕ್ಕೆ! ಅದಕ್ಕೇ ತಿಳಿದವರು ಬಾಯಿ ತೆರೆಸಿ ನೋಡುತ್ತಾರೆ. ದನಗಳಿಗೆ ಮೇಲ್ದವಡೆಯಲ್ಲಿ ಮುಂದಿನ ಹಲ್ಲೇ ಇಲ್ಲ, ಕೆಳಗೆ ಎಂಟು. ಸುಮಾರು ಎರಡು ವರ್ಷ ದಾಟಿದ ಮೇಲೆ ಹಾಲುಹಲ್ಲು ಬಿದ್ದು ಜೋಡಿಜೋಡಿಯಾಗಿ ಹೊಸ ಹಲ್ಲು ಬರುತ್ತವೆ. ಐದರ ಹೊತ್ತಿಗೆ ನಾಲ್ಕೂ ಜೋಡಿ ಪೂರ್ತಿ. ಮುಂದೆ ಸವೆತ ನೋಡಿ ಅಂದಾಜು. ನಾನು ಬ್ಯಾಂಕಿನಲ್ಲಿದ್ದಾಗ ಆಕಳು ಕೊಳ್ಳುವ ಸಾಲದ ಅರ್ಜಿ ಬಂದರೆ, ಪಶುವೈದ್ಯರ ಪತ್ರದಲ್ಲಿ ಮೊದಲು ಕಣ್ಣಾಡಿಸುತ್ತಿದ್ದುದು ವಯಸ್ಸಿನ ಮೇಲೆ. ಮುದಿ ಆಕಳ ಹಾಲು ಬತ್ತಬಹುದು, ಸಾಲದ ಕಂತು ಬತ್ತುವುದಿಲ್ಲವಲ್ಲ.

ವರ್ಷದ ಗೊಡವೆಯೇ ಇಲ್ಲದ ಸುತ್ತುಗಳೂ ಇವೆ. ಚಹಾದ ಹನಿ ಕಾಗದದ ಮೇಲೆ ಬಿದ್ದು ಒಣಗಿದರೆ ನಡುವೆ ತಿಳಿಯಾಗಿ, ಅಂಚಿನಲ್ಲಿ ಕಪ್ಪು ಉಂಗುರವಾಗುತ್ತದೆ. ಹನಿಯ ಅಂಚು ಇದ್ದಲ್ಲೇ ಅಂಟಿಕೊಂಡಿರುತ್ತದೆ, ಅಲ್ಲಿ ನೀರು ಬೇಗ ಆರುತ್ತದೆ. ಆ ಕೊರತೆ ತುಂಬಲು ನಡುವಿನ ನೀರು ಹರಿದುಬರುವಾಗ ಚಹಾದ ಕಣಗಳನ್ನೂ ಹೊತ್ತು ತರುತ್ತದೆ. ಇಷ್ಟು ಸಣ್ಣ ಸಂಗತಿಯನ್ನು ಚಿಕಾಗೊದ ವಿಜ್ಞಾನಿಗಳು ಕಾಫಿ ಹನಿಯಿಂದ ವಿವರಿಸಿದ್ದು 1997ರಲ್ಲಿ.

ಚಂದ್ರನ ಸುತ್ತ ಕಾಣುವ ದೊಡ್ಡ ಉಂಗುರ, ಅಂದರೆ ಪರಿವೇಷ, ಬಲು ಎತ್ತರದ ತೆಳುಮೋಡದಲ್ಲಿನ ಆರುಮೂಲೆಯ ಹಿಮಹರಳುಗಳ ಆಟ. ಬೆಳಕು ಅವುಗಳ ಮೂಲಕ ಬಾಗುವುದರಿಂದ ಚಂದ್ರನಿಂದ ಸುಮಾರು 22 ಡಿಗ್ರಿ ದೂರದಲ್ಲಿ ಉಂಗುರ ಮೂಡುತ್ತದೆ. ಅದು ಕಂಡರೆ ಮಳೆ ಎನ್ನುತ್ತಾರೆ ಹಿರಿಯರು. ಆ ಮೋಡದ ಹಿಂದೆ ಮಳೆ ಬರುವುದೂ ಉಂಟು, ಕೈಕೊಡುವುದೂ ಉಂಟು. ಮುಂದಿನ ಸಲ ಕಂಡಾಗ ಅಜ್ಜನೂ ಮೊಮ್ಮಕ್ಕಳೂ ಅಂಗಳದಲ್ಲಿ ನಿಂತು, ತೋಳು ನೀಡಿ, ಹೆಬ್ಬೆರಳನ್ನು ಚಂದ್ರನ ಮೇಲಿಟ್ಟು ಗೇಣು ಹಾಕಿ ನೋಡಿ. ಕಿರುಬೆರಳ ತುದಿ ಉಂಗುರದ ಹತ್ತಿರ ಬರುತ್ತದೆ. ಅಜ್ಜನ ಗೇಣು ದೊಡ್ಡದು, ಆದರೆ ತೋಳೂ ಉದ್ದ; ಹಾಗಾಗಿ ಇಬ್ಬರ ಅಳತೆಯೂ ಹೆಚ್ಚುಕಡಿಮೆ ಒಂದೇ.