ಚೆಕ್ ಡ್ಯಾಂ ಲೆಕ್ಕ ಕೇಳುವುದು ಹೇಗೆ?

ಮಳೆ ಕೈಕೊಡುವುದೇ ಹೆಚ್ಚಾದ ಚಳ್ಳಕೆರೆ, ಮೊಳಕಾಲ್ಮುರು ಸೀಮೆಯಲ್ಲಿ ಚೆಕ್ ಡ್ಯಾಂ, ಕೊಳವೆಬಾವಿ, ಕೆರೆ ಹೂಳೆತ್ತುವ ಕಾಮಗಾರಿಗಳಿಗೆ ಬರವಿಲ್ಲ. ಕೆಲಸ ಮುಗಿದ ಮರುದಿನವೇ ಅರಳಿಕಟ್ಟೆಯಲ್ಲಿ ಮಾತು ಶುರುವಾಗುತ್ತದೆ: ‘ಅರ್ಧ ದುಡ್ಡು ನುಂಗಿದರು.’ ಆ ಮಾತು ಅಲ್ಲೇ ಹುಟ್ಟಿ ಅಲ್ಲೇ ಸಾಯುತ್ತದೆ. ಅದಕ್ಕೆ ಜೀವ ಬರಬೇಕಾದರೆ ಕಾಗದ ಬೇಕು. ಆ ಕಾಗದ ಪಡೆಯುವ ದಾರಿ ಮಾಹಿತಿ ಹಕ್ಕು ಅಧಿನಿಯಮ, 2005. ಜನ ಬಾಯಿಮಾತಿನಲ್ಲಿ ಆರ್‌ಟಿಐ ಅನ್ನುತ್ತಾರೆ.

ಕಾಯ್ದೆ ವಿನಾಯಿತಿ ಕೊಟ್ಟ ಕೆಲವನ್ನು ಬಿಟ್ಟು, ಸರ್ಕಾರಿ ಕಚೇರಿಯಲ್ಲಿರುವ ದಾಖಲೆಯನ್ನು ಯಾವುದೇ ನಾಗರಿಕ ನೋಡಬಹುದು, ನಕಲು ಪಡೆಯಬಹುದು. ಏಕೆ ಬೇಕು ಎಂದು ಕೇಳುವ ಅಧಿಕಾರ ಕಚೇರಿಗಿಲ್ಲ. ಹೆಚ್ಚಿನವರಿಗೆ ತಿಳಿಯದ ಸಂಗತಿ ಇನ್ನೊಂದಿದೆ. ನಡೆದ ಕಾಮಗಾರಿಯನ್ನು ಪರಿಶೀಲಿಸಲು, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಕೇಳಲು ಕೂಡ ಕಾಯ್ದೆಯ 2(ಜೆ) ಕಲಮಿನಲ್ಲಿ ಅವಕಾಶವಿದೆ.

ಅರ್ಜಿ ಬರೆಯುವಾಗಲೇ ಹಲವರು ಎಡವುತ್ತಾರೆ. ‘ಕಳಪೆ ಕೆಲಸಕ್ಕೆ ಏಕೆ ಬಿಲ್ ಕೊಟ್ಟಿರಿ?’ ಎಂದು ಬರೆದರೆ ‘ಇದು ಮಾಹಿತಿಯ ವ್ಯಾಪ್ತಿಗೆ ಬರುವುದಿಲ್ಲ’ ಎಂಬ ಹಿಂಬರಹ ಬರುತ್ತದೆ. ಹಿಂಬರಹವೆಂದರೆ ಕಚೇರಿ ಕೊಡುವ ಲಿಖಿತ ಉತ್ತರ. ಜಗಳದ ಪ್ರಶ್ನೆ ಬಿಟ್ಟು ದಾಖಲೆಯ ಹೆಸರು ಹಿಡಿದು ಕೇಳಿ. ಇಂಥ ಊರಿನ, ಇಂಥ ಹಳ್ಳದ, ಇಂಥ ವರ್ಷದ ಚೆಕ್ ಡ್ಯಾಂ ಎಂದು ಗುರುತು ಕೊಡಿ. ಅದರ ಅಂದಾಜು ಪಟ್ಟಿ, ಅಳತೆ ಪುಸ್ತಕದ ಪುಟಗಳು, ಬಿಲ್ಲು, ಕಾಮಗಾರಿಯ ಫೋಟೊ, ಇಷ್ಟರ ದೃಢೀಕೃತ ನಕಲು ಕೊಡಿ ಎಂದರೆ ಸಾಕು.

ಈ ಅಳತೆ ಪುಸ್ತಕವನ್ನು ಗುತ್ತಿಗೆದಾರರು ಎಂ.ಬಿ. ಅನ್ನುತ್ತಾರೆ. ಎಂಜಿನಿಯರ್ ಸ್ಥಳಕ್ಕೆ ಹೋಗಿ ಅಳೆದು ಬರೆದದ್ದು ಅದರಲ್ಲಿರುತ್ತದೆ: ಉದ್ದ ಇಷ್ಟು ಮೀಟರ್, ಅಗಲ ಇಷ್ಟು, ಎತ್ತರ ಇಷ್ಟು, ಕಾಂಕ್ರೀಟ್ ಇಷ್ಟು ಘನ ಮೀಟರ್. ಬಿಲ್ ಆಗುವುದು ಈ ಅಂಕಿಗಳ ಮೇಲೆ. ನಕಲು ಕೈಗೆ ಬಂದ ದಿನ ನಾಲ್ಕು ಜನ ಟೇಪು ಹಿಡಿದು ಹಳ್ಳಕ್ಕೆ ಇಳಿಯಿರಿ. ಪುಸ್ತಕದಲ್ಲಿ ಗೋಡೆಯ ಉದ್ದ 18 ಮೀಟರ್ ಎಂದಿದ್ದು ಟೇಪಿನಲ್ಲಿ 13 ಬಂದರೆ ಭಾಷಣವೇ ಬೇಡ. ಅಡಿಪಾಯ ಮಣ್ಣಿನಡಿ ಇರುವುದರಿಂದ ಅದನ್ನು ನೀವು ಅಳೆಯಲಾರಿರಿ. ಅಲ್ಲಿ ಕೆಲಸ ನಡೆಯುವಾಗ ತೆಗೆದ ಫೋಟೊಗಳೇ ಆಧಾರ. ರಾಜಸ್ಥಾನದ ಹಳ್ಳಿಗಳಲ್ಲಿ 1994ರಿಂದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ಮಾಡಿದ್ದೂ ಇಂಥದ್ದೇ. ಬಿಲ್ಲು, ಹಾಜರಿ ಪಟ್ಟಿಗಳನ್ನು ಊರ ಮುಂದೆ ಗಟ್ಟಿಯಾಗಿ ಓದಿದರು. ಆರ್‌ಟಿಐ ಕಾಯ್ದೆಯ ಬೇರು ಅಲ್ಲಿದೆ.

ಖರ್ಚು ಎಷ್ಟು? ಅರ್ಜಿ ಶುಲ್ಕ 10 ರೂಪಾಯಿ. ಅಂಚೆ ಕಚೇರಿಯಲ್ಲಿ ಪೋಸ್ಟಲ್ ಆರ್ಡರ್ ಸಿಗುತ್ತದೆ. ನಕಲು ಎ4 ಹಾಳೆಗೆ 2 ರೂಪಾಯಿ. ಬಿಪಿಎಲ್ ಕುಟುಂಬದವರು ಪಡಿತರ ಚೀಟಿಯ ಪ್ರತಿ ಲಗತ್ತಿಸಿದರೆ ಅರ್ಜಿ ಶುಲ್ಕವಿಲ್ಲ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ್ದಾಗಿರಬೇಕು, 150 ಪದ ಮೀರಬಾರದು. ಮಾಹಿತಿಯನ್ನು 30 ದಿನದೊಳಗೆ ಕೊಡಬೇಕು. ಅದು ಮೀರಿದರೆ ನಕಲನ್ನು ಉಚಿತವಾಗಿ ಕೊಡಬೇಕು.

ಯಾರಿಗೆ ಕೊಡುವುದು? ಗ್ರಾಮ ಪಂಚಾಯಿತಿ ಕಾಮಗಾರಿಯಾದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ, ಅಂದರೆ ಪಿಡಿಒಗೆ. ಬೇರೆ ಇಲಾಖೆಯದ್ದಾದರೆ ಆಯಾ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ. ಹೆಸರು ಗೊತ್ತಿರಬೇಕಿಲ್ಲ, ಹುದ್ದೆ ಬರೆದರೆ ಸಾಕು. ಟಪಾಲು ಶಾಖೆಯಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸೀಲು, ಸಹಿ, ತಾರೀಕು ಹಾಕಿಸಿಕೊಳ್ಳಿ. ಈ ಸ್ವೀಕೃತಿ ಇಲ್ಲದೆ ಹೊರಗೆ ಬರಬೇಡಿ. ‘ಸಾಹೇಬರಿಲ್ಲ, ನಾಳೆ ಬಾರಪ್ಪ’ ಎಂದರೆ ವಾದ ಬೇಡ, ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ.

ಉತ್ತರ ಬರಲಿಲ್ಲ, ಅಥವಾ ಅರೆಬರೆ ಬಂತು ಅನ್ನಿ. ಗಡುವು ಮುಗಿದ ಅಥವಾ ಉತ್ತರ ಸಿಕ್ಕ ದಿನದಿಂದ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ. ಪಂಚಾಯಿತಿಯ ವಿಷಯದಲ್ಲಿ ಅದು ಹೋಗುವುದು ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೆ, ಅಂದರೆ ಇಒಗೆ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗ. ತಪ್ಪಿತಸ್ಥ ಅಧಿಕಾರಿಗೆ ದಿನಕ್ಕೆ 250ರಂತೆ ಗರಿಷ್ಠ 25,000 ರೂಪಾಯಿ ದಂಡ ಹಾಕುವ ಅಧಿಕಾರ ಆಯೋಗಕ್ಕಿದೆ. ಆದರೆ ಆಯೋಗದಲ್ಲಿ ಸರದಿ ಉದ್ದ, ತಾಳ್ಮೆ ಬೇಕು.

ಅರ್ಜಿಯನ್ನೇ ಹಾಕದೆ ಲೆಕ್ಕ ಕೇಳುವ ದಿನವೂ ಒಂದಿದೆ: ಜಮಾಬಂದಿ. ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಹಿಂದಿನ ವರ್ಷದ ಜಮಾ-ಖರ್ಚು, ಕಾಮಗಾರಿಗಳನ್ನು ಜನರ ಮುಂದೆ ಇಡಬೇಕು. ಬಹುಪಾಲು ಕಡೆ ಹತ್ತಿಪ್ಪತ್ತು ಸಹಿಯಲ್ಲಿ ಇದು ಮುಗಿದುಹೋಗುತ್ತದೆ. ಶೇಂಗಾ ಹೊಲದ ಕೆಲಸ ಬಿಟ್ಟು ಯಾರು ಹೋಗುತ್ತಾರೆ? ನನ್ನ ಸಲಹೆ: ಜೂನ್‌ನಲ್ಲೇ ಆರ್‌ಟಿಐ ಹಾಕಿ, ಎಂ.ಬಿ. ನಕಲು ಹಿಡಿದು ಜಮಾಬಂದಿಗೆ ಹೋಗಿ. ನಿಮ್ಮ ಮಾತು ನಡಾವಳಿ ಪುಸ್ತಕದಲ್ಲಿ ದಾಖಲಾಗುವವರೆಗೂ ಏಳಬೇಡಿ.

ಕಾಗದ ಹಿಡಿದರೆ ಎಲ್ಲವೂ ಗೆಲ್ಲುತ್ತದೆ ಎಂದು ನಾನು ಹೇಳುತ್ತಿಲ್ಲ. ಚಳ್ಳಕೆರೆಯ ಅಮೃತ್ ಮಹಲ್ ಕಾವಲಿನ ಸಾವಿರಾರು ಎಕರೆ ಡಿಆರ್‌ಡಿಒ, ಇಸ್ರೊ, ಬಾರ್ಕ್, ಐಐಎಸ್‌ಸಿ ಪಾಲಾದದ್ದು ದನ-ಕುರಿ ಮೇಯಿಸುವವರಿಗೆ ತಡವಾಗಿ ತಿಳಿಯಿತು. ವಿಷಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಯೋಜನೆಗಳು ನಿಲ್ಲಲಿಲ್ಲ. ಆದರೆ ಯಾರಿಗೆ ಎಷ್ಟು ಎಕರೆ, ಯಾವ ಆದೇಶದಲ್ಲಿ ಎಂಬುದು ಬಯಲಿಗೆ ಬಂತು. ಜನರಿಗೆ ತಟ್ಟುವ ಇಂಥ ತೀರ್ಮಾನಗಳ ವಿವರವನ್ನು ಯಾರೂ ಕೇಳದಿದ್ದರೂ ಪ್ರಕಟಿಸಬೇಕೆಂದು ಆರ್‌ಟಿಐ ಕಾಯ್ದೆಯ 4ನೇ ಕಲಮು ಹೇಳುತ್ತದೆ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕ ಚಕ್ರವರ್ತಿ ಇಸಿಲ ಎಂಬ ಊರಿನ ತನ್ನ ಮಹಾಮಾತ್ರರಿಗೆ, ಅಂದರೆ ಅಧಿಕಾರಿಗಳಿಗೆ, ಕಳಿಸಿದ ಮಾತು ಬಯಲ ಬಂಡೆಯ ಮೇಲಿದೆ. ಈಗಿನ ಸುತ್ತೋಲೆಗಳು ಬೀರುವಿನಲ್ಲಿವೆ.

ಜಾತಿ ಪ್ರಮಾಣಪತ್ರ, ಖಾತೆಯಂಥ ಸೇವೆ ತಡವಾದರೆ ಆರ್‌ಟಿಐ ಬೇಡ, ‘ಸಕಾಲ’ ಸಾಕು. ಅರ್ಜಿ ಕೊಟ್ಟಾಗ ಬರುವ 15 ಅಂಕಿಯ ಜಿಎಸ್‌ಸಿ ಸಂಖ್ಯೆ ಕಾಪಾಡಿಕೊಳ್ಳಿ. ಗಡುವು ಮೀರಿದರೆ ಅದೇ ಸಂಖ್ಯೆಯ ಮೇಲೆ ಮೇಲ್ಮನವಿ ಹಾಕಬಹುದು. ತಡವಾದ ದಿನಕ್ಕೆ 20 ರೂಪಾಯಿಯಂತೆ, 500ರವರೆಗೆ ಪರಿಹಾರ ಕೇಳಬಹುದು.

ಲಂಚದ ವಿಷಯ ಬೇರೆ. ದುಡ್ಡು ಕೇಳಿದರೆ ಕೊಡುವ ಮೊದಲೇ ಚಿತ್ರದುರ್ಗದ ಲೋಕಾಯುಕ್ತ ಪೊಲೀಸರ ಬಳಿ ಹೋಗಿ. ನೋಟಿನ ನಂಬರು ಬರೆದುಕೊಂಡು ಫಿನಾಫ್ತಲೀನ್ ಎಂಬ ಪುಡಿ ಸವರುತ್ತಾರೆ. ತೆಗೆದುಕೊಂಡವರ ಕೈಯನ್ನು ಸೋಡಾ ದ್ರಾವಣದಲ್ಲಿ ಅದ್ದಿಸಿದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ‘ಕೊಟ್ಟವನೂ ಸಿಕ್ಕಿಬೀಳುತ್ತಾನಂತಲ್ಲ?’ ಎಂಬ ಅಂಜಿಕೆ ಸಹಜ. ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿಯಂತೆ ಕೊಟ್ಟವರೂ ತಪ್ಪಿತಸ್ಥರು ಹೌದು. ಆದರೆ ಮೊದಲೇ ಪೊಲೀಸರಿಗೆ ತಿಳಿಸಿ ಕೊಟ್ಟವರಿಗೆ, ಬಲವಂತಕ್ಕೆ ಕೊಟ್ಟು 7 ದಿನದೊಳಗೆ ದೂರು ಕೊಟ್ಟವರಿಗೆ ರಕ್ಷಣೆ ಉಂಟು.

ಕಳಪೆ ಕೆಲಸ, ಅಧಿಕಾರ ದುರುಪಯೋಗದಂಥ ದೂರಿಗೆ ಲೋಕಾಯುಕ್ತದ ನಿಗದಿತ ನಮೂನೆಯಿದೆ. ಜೊತೆಗೆ ಅಫಿಡವಿಟ್, ಅಂದರೆ ಪ್ರಮಾಣ ಮಾಡಿ ಬರೆದುಕೊಡುವ ಹೇಳಿಕೆ ಬೇಕು. ಸುಳ್ಳು ದೂರಿಗೆ ಶಿಕ್ಷೆಯಿದೆ, ಆದ್ದರಿಂದ ಕೇಳಿದ್ದನ್ನೆಲ್ಲ ಬರೆಯದೆ ಎಂ.ಬಿ. ನಕಲು, ನಿಮ್ಮ ಅಳತೆ, ಫೋಟೊ ಇಷ್ಟನ್ನೇ ಇಡಿ. ಊರಲ್ಲಿ ಒಬ್ಬರೇ ಕಣ್ಣಿಗೆ ಬೀಳುವ ಹೆದರಿಕೆಯಿದ್ದರೆ ನಾಲ್ಕಾರು ಮಂದಿ ಒಂದೇ ಕಾಮಗಾರಿಯ ಬಗ್ಗೆ ಬೇರೆ ಬೇರೆ ಆರ್‌ಟಿಐ ಅರ್ಜಿ ಹಾಕಿ. ಅರ್ಜಿ ಹಾಕಿ ಆಮೇಲೆ ಕಾಸಿಗೆ ರಾಜಿಯಾಗುವವರೂ ನಮ್ಮ ನಡುವೆ ಇದ್ದಾರೆ. ಅಂಥವರ ಕೈಗೆ ನಿಮ್ಮ ಕಾಗದ ಕೊಡಬೇಡಿ.