ಕಲಿಸಿ ತೀರಿಸುವ ಸಾಲ

ನಮ್ಮ ಪ್ರಾಚೀನರು ಮನುಷ್ಯನ ಮೇಲಿರುವ ಋಣಗಳನ್ನು ಎಣಿಸುವಾಗ ದೇವಋಣ, ಪಿತೃಋಣಗಳೊಡನೆ ಋಷಿಋಣವನ್ನೂ ಹೇಳಿದರು. ಹಿರಿಯರಿಂದ ಬಂದ ವಿದ್ಯೆಯನ್ನು ಕಲಿತು ಮುಂದಿನವರಿಗೆ ಕಲಿಸುವುದರಿಂದ ಈ ಋಣ ತೀರುವುದೆಂಬುದು ಅವರ ಅಭಿಪ್ರಾಯ. ಅದು ಹಣದ ಲೆಕ್ಕವಲ್ಲ. ಆದರೆ ಹಣದ ಸಾಲವನ್ನೇ ಪಾಠ ಹೇಳಿ ತೀರಿಸುವ ಏರ್ಪಾಡೊಂದು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಆರು ದಶಕಗಳಿಗೂ ಹಿಂದಿನಿಂದ ನಡೆದುಬಂದಿದೆ. ನಮ್ಮ ಅನೇಕ ಮನೆತನಗಳ ಮಕ್ಕಳು ಮೊಮ್ಮಕ್ಕಳು ಇಂದು ಆ ನಾಡಿನಲ್ಲಿಯೇ ಓದಿ ಬೆಳೆಯುತ್ತಿರುವುದರಿಂದ ಅದರ ಸ್ವರೂಪವನ್ನು ಅರಿತಿರುವುದು ಒಳಿತು.

1957ರ ಅಕ್ಟೋಬರ್ 4ರಂದು ಸೋವಿಯತ್ ಒಕ್ಕೂಟವು ಸ್ಪುಟ್ನಿಕ್ ಉಪಗ್ರಹವನ್ನು ಹಾರಿಸಿದಾಗ, ತಮ್ಮ ಶಾಲೆಗಳಲ್ಲಿ ಗಣಿತ ವಿಜ್ಞಾನಗಳ ಬೋಧನೆ ಹಿಂದೆ ಬಿದ್ದಿದೆಯೆಂಬ ಕಳವಳ ಅಮೆರಿಕನ್ನರಲ್ಲಿ ಹಬ್ಬಿತು. ಮರುವರ್ಷ ಸೆಪ್ಟೆಂಬರ್ 2ರಂದು ಅಧ್ಯಕ್ಷ ಐಸೆನ್‌ಹೋವರ್ ಅವರು ರಾಷ್ಟ್ರರಕ್ಷಣಾ ಶಿಕ್ಷಣ ಕಾಯಿದೆಗೆ ಸಹಿ ಹಾಕಿದರು. ಅದರಂತೆ ವಿದ್ಯಾರ್ಥಿಗಳಿಗೆ ಶೇಕಡಾ 3ರ ಬಡ್ಡಿಯಲ್ಲಿ ಸಾಲ ದೊರೆಯಿತು. ಸಾಲ ಪಡೆದವರು ಸಾರ್ವಜನಿಕ ಶಾಲೆಯ ಶಿಕ್ಷಕರಾದರೆ ವರ್ಷಕ್ಕೆ ಶೇಕಡಾ 10ರಂತೆ ಐದು ವರ್ಷಗಳಲ್ಲಿ ಅರ್ಧ ಸಾಲ ಮನ್ನಾ ಆಗುತ್ತಿತ್ತು. ಇದೇ ಮುಂದೆ ಪರ್ಕಿನ್ಸ್ ಸಾಲವೆಂದು ಹೆಸರಾಯಿತು. ಬಡಮಕ್ಕಳ ಶಾಲೆಯಲ್ಲಿ ಅಥವಾ ಶಿಕ್ಷಕರ ಕೊರತೆಯಿರುವ ವಿಷಯದಲ್ಲಿ ಐದು ವರ್ಷ ಬೋಧಿಸಿದವರಿಗೆ ಈ ಸಾಲ ಪೂರ್ಣವಾಗಿ ಮನ್ನಾ ಆಗುವ ಅವಕಾಶವೂ ಬಂದಿತು. ಹೊಸದಾಗಿ ಪರ್ಕಿನ್ಸ್ ಸಾಲ ಕೊಡುವುದು 2017ರ ಸೆಪ್ಟೆಂಬರ್ 30ಕ್ಕೆ ನಿಂತಿತು.

ಕೊರತೆಯೇಕೆ? ಗಣಿತ ವಿಜ್ಞಾನಗಳನ್ನು ಬಲ್ಲ ತರುಣನಿಗೆ ಕಂಪನಿಗಳು ಶಾಲೆಗಿಂತ ಹೆಚ್ಚು ಸಂಬಳ ಕೊಡುತ್ತವೆ. ಅಂಗವೈಕಲ್ಯವುಳ್ಳ ಮಕ್ಕಳಿಗೆ ಕಲಿಸುವುದಕ್ಕೆ ಪ್ರತ್ಯೇಕ ತರಬೇತಿಯೂ ಅಪಾರ ಸಹನೆಯೂ ಬೇಕು. ದೂರದ ಹಳ್ಳಿಗೂ ನಗರದ ಬಡ ಕೇರಿಗೂ ಹೋಗಲು ಅನೇಕರು ಹಿಂಜರಿಯುತ್ತಾರೆ. ತಲೆಯ ಮೇಲೆ ವಿದ್ಯಾಭ್ಯಾಸದ ಸಾಲವಿದ್ದವನಂತೂ ಹೆಚ್ಚು ಸಂಬಳದ ಕಡೆಗೇ ನಡೆಯುವನು. ಆ ಸಾಲದ ಭಾರವನ್ನು ಇಳಿಸಿದರೆ ಅವನು ಶಾಲೆಯತ್ತ ತಿರುಗಿಯಾನು ಎಂಬುದು ಈ ಯೋಜನೆಗಳ ಹಿಂದಿರುವ ತರ್ಕ.

ಇವುಗಳಲ್ಲಿ ಎರಡು ಮುಖ್ಯವಾದವು. 1998ರ ಕಾಯಿದೆಯಿಂದ ಬಂದ ಶಿಕ್ಷಕರ ಸಾಲಮನ್ನಾ ಯೋಜನೆ ಮೊದಲನೆಯದು. ಬಡ ಕುಟುಂಬಗಳ ಮಕ್ಕಳು ಹೆಚ್ಚಾಗಿರುವ, ಸರ್ಕಾರ ಗುರುತಿಸಿದ ಶಾಲೆಯಲ್ಲಿ ಐದು ಪೂರ್ಣ ಶೈಕ್ಷಣಿಕ ವರ್ಷ ಎಡೆಬಿಡದೆ ಬೋಧಿಸಿದವರಿಗೆ 5,000 ಡಾಲರುಗಳವರೆಗೆ ಮನ್ನಾ. ಪ್ರೌಢಶಾಲೆಯ ಗಣಿತ ವಿಜ್ಞಾನ ಶಿಕ್ಷಕರಿಗೂ ವಿಶೇಷ ಶಿಕ್ಷಣದ ಶಿಕ್ಷಕರಿಗೂ ಈ ಮಿತಿಯನ್ನು 2004ರಲ್ಲಿ 17,500 ಡಾಲರುಗಳಿಗೆ ಏರಿಸಲಾಯಿತು. ತಂದೆತಾಯಿಗಳು ತಮ್ಮ ಹೆಸರಿನಲ್ಲಿ ಪಡೆದ ಪ್ಲಸ್ ಸಾಲಕ್ಕೆ ಇದು ಅನ್ವಯಿಸದು.

ಎರಡನೆಯದು 2007ರ ಕಾಯಿದೆಯ ‘ಟೀಚ್’ ಅನುದಾನ. ಶಿಕ್ಷಕನಾಗಲಿರುವ ವಿದ್ಯಾರ್ಥಿಗೆ ಓದುವಾಗಲೇ ವರ್ಷಕ್ಕೆ 4,000 ಡಾಲರುಗಳವರೆಗೆ ಕೊಡುವುದು ಇದರ ಕ್ರಮ. ಪ್ರತಿಯಾಗಿ, ಓದು ಮುಗಿದ ಎಂಟು ವರ್ಷಗಳೊಳಗೆ ನಾಲ್ಕು ವರ್ಷ ಅಂತಹ ಶಾಲೆಯಲ್ಲಿ ಕೊರತೆಯಿರುವ ವಿಷಯವನ್ನು ಕಲಿಸಬೇಕು. ಮಾತಿಗೆ ತಪ್ಪಿದರೆ ಅನುದಾನವೇ ಸಾಲವಾಗುತ್ತದೆ. ಹಣ ಕೈಸೇರಿದ ದಿನದಿಂದಲೇ ಬಡ್ಡಿಯೂ ಸೇರುತ್ತದೆ.

ಇಲ್ಲಿಯೇ ದೊಡ್ಡ ಅನ್ಯಾಯವೊಂದು ನಡೆಯಿತು. ನಿಯಮದಂತೆ ಪಾಠ ಹೇಳುತ್ತಿದ್ದ ಎಷ್ಟೋ ಶಿಕ್ಷಕರ ಅನುದಾನಗಳು, ವಾರ್ಷಿಕ ದೃಢೀಕರಣ ಪತ್ರ ತಡವಾಯಿತೆಂಬ ಅಥವಾ ಅದರಲ್ಲೊಂದು ಸಣ್ಣ ಲೋಪವಿತ್ತೆಂಬ ಕಾರಣಕ್ಕೆ ಸಾಲವಾಗಿ ಮಾರ್ಪಟ್ಟವು. ತರಗತಿಯಲ್ಲಿ ಸಲ್ಲಿಸಿದ ಸೇವೆ ಒಂದು ಕಾಗದದ ಮುಂದೆ ಸೋತಿತು. 2018ರಲ್ಲಿ ಪತ್ರಕರ್ತರು ಇದನ್ನು ಬಯಲಿಗೆಳೆದ ಮೇಲೆ, ಅದೇ ವರ್ಷದ ಡಿಸೆಂಬರಿನಲ್ಲಿ ಶಿಕ್ಷಣ ಇಲಾಖೆಯು ಮರುಪರಿಶೀಲನೆಗೆ ಒಪ್ಪಿತು. 2021ರ ಜುಲೈಯಿಂದ ಜಾರಿಗೆ ಬಂದ ನಿಯಮಗಳಂತೆ ವಾರ್ಷಿಕ ಪತ್ರ ತಪ್ಪಿದ ಮಾತ್ರಕ್ಕೆ ಅನುದಾನವು ಸಾಲವಾಗದು.

ಹೊರನಾಡಿನ ನಮ್ಮ ಕುಟುಂಬಗಳು ಗಮನಿಸಬೇಕಾದ ಸಂಗತಿಗಳಿವು. ಈ ಸೌಲಭ್ಯಗಳು ಅಲ್ಲಿಯ ಪೌರರಿಗೆ, ಹಸಿರು ಕಾರ್ಡುಳ್ಳ ಕಾಯಂ ನಿವಾಸಿಗಳಿಗೆ ಮತ್ತು ಇನ್ನು ಕೆಲವು ಅರ್ಹ ವರ್ಗಗಳಿಗೆ ಮಾತ್ರ. ವಿದ್ಯಾರ್ಥಿ ವೀಸಾದಲ್ಲಿ ಇಲ್ಲಿಂದ ಹೋದವರಿಗೆ ಸಲ್ಲವು. ಸಾರ್ವಜನಿಕ ಸೇವೆಯವರಿಗೆ 120 ಕಂತುಗಳನ್ನು ಕಟ್ಟಿದ ಮೇಲೆ ಉಳಿದ ಸಾಲವನ್ನು ಬಿಡುವ ಮತ್ತೊಂದು ಯೋಜನೆಯೂ ಇದೆ. ಆದರೆ ಒಂದೇ ಅವಧಿಯ ಸೇವೆಯನ್ನು ಅದಕ್ಕೂ ಶಿಕ್ಷಕರ ಸಾಲಮನ್ನಾಕ್ಕೂ ಲೆಕ್ಕ ಹಿಡಿಯುವಂತಿಲ್ಲ. ಸಾಲ ದೊಡ್ಡದಿದ್ದರೆ ಯಾವುದು ಲಾಭವೆಂದು ಮೊದಲೇ ಎಣಿಸಬೇಕು. ಶಾಲೆ ಆ ವರ್ಷದ ಪಟ್ಟಿಯಲ್ಲಿದೆಯೇ ಎಂಬುದನ್ನು ಕೆಲಸಕ್ಕೆ ಸೇರುವ ಮುನ್ನವೇ ನೋಡಬೇಕು. ಪ್ರತಿಯೊಂದು ಪತ್ರದ ನಕಲನ್ನೂ ಕಾಪಾಡಿಕೊಳ್ಳಬೇಕು.

ಇನ್ನೊಂದು ಮಾತು. ಸಾಲಮನ್ನಾ ಶಿಕ್ಷಕನನ್ನು ಶಾಲೆಯ ಬಾಗಿಲವರೆಗೆ ಕರೆತರಬಲ್ಲುದು. ಐದು ವರ್ಷಗಳ ಆಚೆಗೆ ಅವನನ್ನು ಅಲ್ಲಿ ನಿಲ್ಲಿಸುವುದು ಯೋಗ್ಯ ವೇತನ, ಊರವರ ಗೌರವ ಮತ್ತು ಮಕ್ಕಳ ಮೇಲಿನ ಅವನ ಪ್ರೀತಿ. ಶಿಕ್ಷಕನಾಗುವೆನೆಂದು ಮನೆಯ ಮಗನೋ ಮಗಳೋ ಹೇಳಿದಾಗ ‘ಅದರಲ್ಲೇನು ಸಿಗುತ್ತದೆ?’ ಎಂದು ಹಿರಿಯರು ಮುಖ ತಿರುಗಿಸಿದರೆ ಯಾವ ಸರ್ಕಾರದ ಯೋಜನೆಯೂ ಆ ಕೊರತೆಯನ್ನು ತುಂಬಲಾರದು.