ಬೀಗ ತೆಗೆದ ಆಸ್ಪತ್ರೆ

ಮನೋರೋಗಿಯನ್ನು ಕೂಡಿಹಾಕುವುದು ಅವನ ಹಿತಕ್ಕೋ, ಹೊರಗಿರುವವರ ನೆಮ್ಮದಿಗೋ? ಇಪ್ಪತ್ತನೆಯ ಶತಮಾನದಲ್ಲಿ ಈ ಪ್ರಶ್ನೆಯನ್ನು ಎತ್ತಿದವರು ಹಲವರು. ಆಸ್ಪತ್ರೆಯೊಳಗೇ ನಿಂತು ಅದನ್ನು ಒರೆಗೆ ಹಚ್ಚಿದವರು ವಿರಳ. ಇಟಲಿಯ ವೈದ್ಯರಾದ ಫ್ರಾಂಕೊ ಬಸಾಲ್ಯ (1924–1980) ಅಂಥ ವಿರಳರಲ್ಲೊಬ್ಬರು.

ತನಗಾಗಲಿ ಪರರಿಗಾಗಲಿ ಅಪಾಯಕಾರಿಯಾದವನನ್ನು, ಸಾರ್ವಜನಿಕರಿಗೆ ಮುಜುಗರ ತರುವವನನ್ನು ಆಸ್ಪತ್ರೆಗೆ ಸೇರಿಸತಕ್ಕದ್ದೆಂದು ಆ ದೇಶದ 1904ರ ಕಾಯಿದೆ ವಿಧಿಸಿತ್ತು. ಅದರಲ್ಲಿ ಕಾವಲಿಗೆ ಮೊದಲ ಸ್ಥಾನ, ಚಿಕಿತ್ಸೆಗೆ ಎರಡನೆಯದು.

1961ರಲ್ಲಿ ಬಸಾಲ್ಯ ಅವರು ಯುಗೊಸ್ಲಾವಿಯದ ಗಡಿಗೆ ತಾಗಿದ್ದ ಗೊರಿಟ್ಸಿಯದ ಮಾನಸಿಕ ಆಸ್ಪತ್ರೆಯ ನಿರ್ದೇಶಕರಾಗಿ ಬಂದರು. ಯೌವನದಲ್ಲಿ ಫ್ಯಾಸಿಸ್ಟರನ್ನು ವಿರೋಧಿಸಿ ಸೆರೆಮನೆ ಕಂಡಿದ್ದ ಅವರಿಗೆ ಇಲ್ಲಿಯೂ ಅದೇ ಸೆರೆಮನೆಯ ವಾಸನೆ ಬಡಿಯಿತು. ಕಟ್ಟಿಹಾಕಿದ ರೋಗಿಗಳ ಪಟ್ಟಿಗೆ ಸಹಿ ಹಾಕಲು ಅವರು ಒಪ್ಪಲಿಲ್ಲ. ರೋಗಿಯಲ್ಲಿ ಕಾಣುವ ಜಡತೆ, ಮೌನಗಳಲ್ಲಿ ರೋಗದ ಪಾಲೆಷ್ಟು, ಆಸ್ಪತ್ರೆಯ ಗೋಡೆಗಳ ಪಾಲೆಷ್ಟು ಎಂಬುದೇ ಅವರನ್ನು ಕಾಡಿದ ಸಂಶಯ. ಬ್ರಿಟನ್ನಿನಲ್ಲಿ ಮ್ಯಾಕ್ಸ್‌ವೆಲ್ ಜೋನ್ಸ್ ರೂಪಿಸಿದ್ದ ಚಿಕಿತ್ಸಕ ಸಮುದಾಯದ ಮಾದರಿಯನ್ನು ಅನುಸರಿಸಿ, ವೈದ್ಯರು, ದಾದಿಯರು, ರೋಗಿಗಳು ದಿನವೂ ಒಂದೆಡೆ ಸಭೆ ಸೇರತೊಡಗಿದರು. ಬರಲೇಬೇಕೆಂಬ ಕಡ್ಡಾಯವಿರಲಿಲ್ಲ. ಚರ್ಚೆಗೆ ಬರುತ್ತಿದ್ದವು ಬಹುಮಟ್ಟಿಗೆ ದಿನನಿತ್ಯದ ಸಂಗತಿಗಳು. ಹೊರಗಿನವರಿಗೆ ಇವು ಅಲ್ಪವೆನಿಸಬಹುದು. ವರ್ಷಗಟ್ಟಲೆ ತನ್ನ ಊಟದ ಹೊತ್ತನ್ನೂ ತಾನು ನಿರ್ಧರಿಸದವನಿಗೆ ಅಲ್ಪವಲ್ಲ.

ಈ ಸ್ವಾತಂತ್ರ್ಯಕ್ಕೆ ಬೆಲೆಯೂ ಇತ್ತು. 1968ರಲ್ಲಿ ಒಂದು ದಿನದ ಮಟ್ಟಿಗೆ ಮನೆಗೆ ಹೋಗಿದ್ದ ರೋಗಿಯೊಬ್ಬನು ಹೆಂಡತಿಯನ್ನು ಕೊಂದನು. ಬಸಾಲ್ಯ ಅವರು ನ್ಯಾಯಾಲಯದ ಕಟಕಟೆ ಹತ್ತಬೇಕಾಯಿತು. ನಿರ್ದೋಷಿಯೆಂದು ಬಿಡುಗಡೆ ಹೊಂದಿದರೂ ಆ ಸಾವಿನ ನೆರಳು ಚಳವಳಿಯ ಮೇಲೆ ಬಹುಕಾಲ ಉಳಿಯಿತು.

ಅವರು ಹಿಂಜರಿಯದೆ ಇನ್ನೊಂದು ಹೆಜ್ಜೆ ಮುಂದೆ ಹೋದರು. ಆಸ್ಪತ್ರೆಯನ್ನು ಎಷ್ಟು ಸುಧಾರಿಸಿದರೂ ಅದು ಆಸ್ಪತ್ರೆಯೇ, ಅದನ್ನು ಇಲ್ಲವಾಗಿಸಬೇಕು ಎಂಬ ನಿಲುವಿನೊಡನೆ 1971ರಲ್ಲಿ ಟ್ರಿಯೆಸ್ಟೆ ನಗರಕ್ಕೆ ಬಂದರು. ಅಲ್ಲಿದ್ದ ರೋಗಿಗಳು ಸುಮಾರು 1,200. ಕೂಲಿಯಿಲ್ಲದೆ ದುಡಿಯುತ್ತಿದ್ದವರು ಸಹಕಾರ ಸಂಘ ಕಟ್ಟಿಕೊಂಡು ವೇತನ ಪಡೆದರು. ಮೈಲಿಗೆ ಬಟ್ಟೆಯ ಗಾಡಿ ಎಳೆಯುತ್ತಿದ್ದ ಮಾರ್ಕೊ ಎಂಬ ಕುದುರೆಯ ನೆನಪಿಗೆ 1973ರಲ್ಲಿ ಕಾಗದದ ಮುದ್ದೆಯಿಂದ ನೀಲಿಯ ದೊಡ್ಡ ಕುದುರೆಯೊಂದನ್ನು ನಿರ್ಮಿಸಿ, ರೋಗಿಗಳು ಅದನ್ನು ಮೆರವಣಿಗೆಯಲ್ಲಿ ಊರೊಳಗೆ ಒಯ್ದರು. ಕುದುರೆ ಬಾಗಿಲಿಗಿಂತ ಎತ್ತರವಾಗಿತ್ತು, ಬಾಗಿಲನ್ನೇ ಒಡೆಯಬೇಕಾಯಿತು.

1978ರ ಮೇ 13ರಂದು ಇಟಲಿಯ ಸಂಸತ್ತು 180ನೆಯ ಕಾಯಿದೆಯನ್ನು ಅಂಗೀಕರಿಸಿತು. ಹೊಸ ಮಾನಸಿಕ ಆಸ್ಪತ್ರೆಗಳನ್ನು ಕಟ್ಟುವಂತಿಲ್ಲ. ಸಾಮಾನ್ಯ ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ಹದಿನೈದಕ್ಕಿಂತ ಹೆಚ್ಚು ಹಾಸಿಗೆಗಳಿರುವಂತಿಲ್ಲ. ಒತ್ತಾಯದ ಚಿಕಿತ್ಸೆಗೆ ನಗರಾಧ್ಯಕ್ಷರ ಆಜ್ಞೆಯೂ ನ್ಯಾಯಾಧೀಶರ ಒಪ್ಪಿಗೆಯೂ ಬೇಕು. ಎರಡು ವರ್ಷಗಳ ತರುವಾಯ ಬಸಾಲ್ಯ ಅವರು ತೀರಿಕೊಂಡರು.

ಟ್ರಿಯೆಸ್ಟೆಯಲ್ಲಿ ಹಗಲಿರುಳೂ ತೆರೆದಿರುವ ಬಡಾವಣೆಯ ಕೇಂದ್ರಗಳು ಆಸ್ಪತ್ರೆಯ ಸ್ಥಾನವನ್ನು ತುಂಬಿದವು. ಎಲ್ಲೆಡೆಯೂ ಹಾಗಾಗಲಿಲ್ಲ. ಕೇಂದ್ರಗಳಿಲ್ಲದ ಕಡೆ, ಮುಖ್ಯವಾಗಿ ದಕ್ಷಿಣದ ಹಲವು ಪ್ರಾಂತಗಳಲ್ಲಿ, ರೋಗಿಯ ಪೂರ್ಣ ಭಾರ ತಾಯಿ, ಹೆಂಡತಿ, ಅಕ್ಕತಂಗಿಯರ ಹೆಗಲಿಗೆ ಬಿತ್ತು. ಅಂಥ ಕುಟುಂಬಗಳ ದೂರು ಸುಳ್ಳಲ್ಲ. ಆದರೆ ಅವರು ದೂರಿದ್ದು ಕಾಯಿದೆಯನ್ನು. ತಪ್ಪಿದ್ದು ಅದು ಹೇಳಿದ್ದನ್ನು ಕಟ್ಟಿಕೊಡದೆ ಬಿಟ್ಟ ಆಡಳಿತ. ಉಳಿದ ಹಳೆಯ ಆಸ್ಪತ್ರೆಗಳು ಬರಿದಾಗಲು ಇನ್ನೂ ಸುಮಾರು ಇಪ್ಪತ್ತು ವರ್ಷ ಹಿಡಿಯಿತು.